ಸಮಾಜದ ಒಪ್ಪಿಗೆಗಾಗಿ ಬದುಕುವ ಒತ್ತಡವನ್ನು ಕನ್ನಡದ ಯಾವ ಕಾದಂಬರಿ ಚೆನ್ನಾಗಿ ಹಿಡಿದಿದೆ?

‘ನಾಲ್ಕು ಜನ ಏನಂದಾರು’ ಎಂಬ ಭಯವನ್ನು ಕನ್ನಡದ ಯಾವ ಕಾದಂಬರಿ ನಿಜವಾಗಿ ಅರ್ಥಮಾಡಿಕೊಂಡಿದೆ ಎಂದು ಕೇಳಿದ್ದೀರಿ. ನಾನು ಮೊದಲು ಹೆಸರಿಸುವುದು 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು. ಅದನ್ನು ಬ್ರಾಹ್ಮಣ್ಯದ ವಿಮರ್ಶೆಯೆಂದು ಓದುವುದು ರೂಢಿ, ಆ ಓದಿಗೆ ನನ್ನ ತಕರಾರಿಲ್ಲ. ಆದರೂ ನನಗೆ ಅದು ಒಬ್ಬರ ಮುಖ ಒಬ್ಬರು ನೋಡಿಕೊಂಡೇ ದಿನ ದೂಡುವ ಜನರ ಕಥೆಯಾಗಿ ಹೆಚ್ಚು ಕಾಡುತ್ತದೆ.

ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟು ಬದುಕಿದ ನಾರಣಪ್ಪ ಸತ್ತಿದ್ದಾನೆ. ಹೆಣಕ್ಕೆ ಸಂಸ್ಕಾರವಾಗುವವರೆಗೆ ಯಾರೂ ಉಣ್ಣುವಂತಿಲ್ಲ, ಸಂಸ್ಕಾರ ಮಾಡಲು ಯಾರೂ ಮುಂದೆ ಬರುವುದಿಲ್ಲ. ಅವನೊಂದಿಗಿದ್ದ ಚಂದ್ರಿ ತನ್ನ ಮೈಮೇಲಿನ ಬಂಗಾರವನ್ನು ಆ ಖರ್ಚಿಗೆಂದು ಬಿಚ್ಚಿಟ್ಟ ಮೇಲೆ, ಹಿಂದೆ ಸರಿದಿದ್ದವರಲ್ಲೇ ಒಳಗೊಳಗೆ ಆಸೆ ಹುಟ್ಟುತ್ತದೆ. ಆದರೆ ಪಕ್ಕದ ಮನೆಯವನು ಆಡಿಕೊಂಡಾನೆಂಬ ಅಳುಕಿನಿಂದ ಅದನ್ನು ಎಲ್ಲರೆದುರು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ. ಅಲ್ಲಿ ಆಜ್ಞೆ ಮಾಡುವ ಅರಸನಿಲ್ಲ, ಕಾವಲಿಗೆ ನಿಂತ ಭಟರಿಲ್ಲ. ಪ್ರತಿಯೊಬ್ಬನೂ ಉಳಿದವರಿಗೆ ಕಾವಲುಗಾರನಾಗಿರುವುದರಿಂದಲೇ ಕಟ್ಟಳೆ ನಿಂತಿದೆ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಬಹಿಷ್ಕಾರದ್ದು. ನಾರಣಪ್ಪ ಬದುಕಿದ್ದಾಗ ಅಗ್ರಹಾರ ಅವನನ್ನು ಹೊರಹಾಕಲಾರದೆ ಹೋಯಿತು, ಏಕೆಂದರೆ ಹಾಗೆ ಮಾಡಿದರೆ ಮುಸಲ್ಮಾನನಾಗಿ ಅಲ್ಲಿಯೇ ಉಳಿಯುತ್ತೇನೆಂದು ಅವನು ಬೆದರಿಸಿದ್ದ. ಒಪ್ಪಿಗೆಯೇ ಬೇಡವೆಂದವನ ಮುಂದೆ ಊರಿನ ಅಸ್ತ್ರ ಮೊಂಡಾಗುತ್ತದೆ. ಅದೇ ಅಸ್ತ್ರ ಎಲ್ಲರ ಗೌರವಕ್ಕೆ ಪಾತ್ರರಾದ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರನ್ನು ಆಳವಾಗಿ ಇರಿಯುತ್ತದೆ. ಚಂದ್ರಿಯನ್ನು ಕೂಡಿದ ನಂತರ, ಹೆಂಡತಿಯನ್ನೂ ಕಳೆದುಕೊಂಡು, ಅಗ್ರಹಾರ ಬಿಟ್ಟು ಮೇಳಿಗೆಯ ಜಾತ್ರೆಯಲ್ಲಿ ಅಲೆಯುವ ಅವರಿಗೆ ಮಾಡಿದ ಕೃತ್ಯಕ್ಕಿಂತ, ಯಾರಾದರೂ ಗುರುತು ಹಿಡಿದಾರೆಂಬ ಚಿಂತೆಯೇ ದೊಡ್ಡದಾಗುತ್ತದೆ. ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತ ಆ ಪುಟಗಳಷ್ಟು ಉಸಿರುಗಟ್ಟಿಸುವ ಬರಹವನ್ನು ನಾನು ಹೆಚ್ಚು ಓದಿಲ್ಲ. ಊರವರ ಮುಂದೆ ಎಲ್ಲವನ್ನೂ ಹೇಳಿಬಿಡುವರೇ ಎಂಬುದನ್ನು ಕಾದಂಬರಿ ತೀರ್ಮಾನಿಸದೆ ಬಿಡುತ್ತದೆ. ಅದು ಸರಿಯಾದ ನಿರ್ಧಾರವೆಂದೇ ನನ್ನ ಭಾವನೆ.

ಅದೇ ಲೇಖಕರ ‘ಘಟಶ್ರಾದ್ಧ’ ಕಥೆಯಲ್ಲಿ ಗರ್ಭಿಣಿಯಾದ ವಿಧವೆ ಯಮುನಕ್ಕನಿಗೆ, ಅವಳು ಬದುಕಿರುವಾಗಲೇ, ತಂದೆಯೇ ಶ್ರಾದ್ಧ ಮಾಡುತ್ತಾನೆ. ಅದನ್ನೂ ಓದಿ.

ಆದರೆ ಇದನ್ನೆಲ್ಲ ಓದಿದಾಗ, ಹೊಂದಿಕೊಂಡು ಹೋಗುವವರೆಲ್ಲ ದುರ್ಬಲರೇ ಎಂದು ಅನ್ನಿಸಬಹುದು. ಅದನ್ನು ನಾನು ಒಪ್ಪಲಾರೆ, ಮತ್ತು ನನ್ನ ಆಧಾರ 1976ರಲ್ಲಿ ಬಂದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ತಲೆ ಬೋಳಿಸಿಕೊಂಡು, ಮಡಿಯ ಕಟ್ಟುಪಾಡುಗಳನ್ನೆಲ್ಲ ಪಾಲಿಸಿ ಮುದುಕಿಯಾಗುತ್ತಾಳೆ. ಮುಂದೆ ದಾಕ್ಷಾಯಣಿಯೆಂಬ ತರುಣ ವಿಧವೆ ಕೂದಲು ತೆಗೆಸಲು ಒಪ್ಪದೆ ತಿರುಗಿಬಿದ್ದಾಗ, ಆ ಹುಡುಗಿಯ ಪಕ್ಷ ವಹಿಸುವವಳು ಇದೇ ಫಣಿಯಮ್ಮ. ತಾನು ಉಂಡ ಕಷ್ಟವನ್ನು ಮುಂದಿನವರೂ ಉಣ್ಣಲಿ ಎನ್ನುವ ಹಿರಿಯರನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ, ಅವಳು ಹಾಗಾಗಲಿಲ್ಲ. ಜೀವಮಾನವಿಡೀ ಕಟ್ಟಳೆ ಮೀರದವಳ ಬಾಯಿಂದ ಬಂದ ಆ ಮಾತನ್ನು ಮನೆಯವರು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ.