ಹಿತ್ತಲಲ್ಲಿ ಕತ್ತು ಅಗಲಿಸಿದ್ದು ನಾಗರದ ಮರಿಯಾ?

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ಮನೆ ಹಿಂದೆ ನಾಲೆ, ಅದರಾಚೆ ಭತ್ತದ ಗದ್ದೆ. ಹೋದ ವಾರ ಮಳೆ ಬಂದ ಮಾರನೇ ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಎರಡಡಿ ಉದ್ದದ ಹಾವು ಮಲಗಿತ್ತು. ಕೋಲು ಆಡಿಸಿದ್ದಕ್ಕೆ ತಲೆ ಎತ್ತಿ ಕತ್ತು ಅಗಲ ಮಾಡಿತು. ನಾಗರದ ಮರಿ, ಹಾಲೆರೆಯಬೇಕು ಅಂತಾರೆ ಅತ್ತೆ. ನಮ್ಮ ಯಜಮಾನರು ಕೊಳಕುಮಂಡಲ ಅಂತಾರೆ. ಎರಡು ಫೋಟೊ ಕಳಿಸಿದ್ದೇನೆ. ಯಾವ ಹಾವು ಇದು?
– ಓದುಗರೊಬ್ಬರು, ಮಂಡ್ಯ

ಉತ್ತರ: ಇಬ್ಬರದ್ದೂ ತಪ್ಪು. ಅತ್ತೆಯವರಿಗೆ ಸ್ವಲ್ಪ ನಿಧಾನವಾಗಿ ಹೇಳಿ. ಇದು ನೀರು ಹಾವು, ನೀರೊಳ್ಳೆ ಅಂತಲೂ ಕರೆಯುತ್ತಾರೆ. ವಿಷ ಇಲ್ಲ. ಮೀನು, ಕಪ್ಪೆ ತಿಂದುಕೊಂಡು ನಾಲೆ, ಗದ್ದೆ, ಕೆರೆ ಅಂತ ಓಡಾಡಿಕೊಂಡಿರುತ್ತದೆ.

ಮೊದಲ ಫೋಟೊದಲ್ಲಿ ಮೈ ನೋಡಿ, ಚೌಕುಳಿ ಲುಂಗಿ ಹಾಸಿದ ಹಾಗೆ ಕಪ್ಪು ಮಚ್ಚೆಗಳು ಸಾಲು ತಪ್ಪಿಸಿ ಕೂತಿವೆ. ಅದಕ್ಕಿಂತ ಗಟ್ಟಿ ಗುರುತು ಕಣ್ಣಿನ ಹತ್ತಿರ ಇದೆ. ಕಣ್ಣಿನ ಕೆಳಗೊಂದು, ಹಿಂದೊಂದು ಕಪ್ಪು ಗೆರೆ ಓರೆಯಾಗಿ ಇಳಿದಿವೆ, ಕಾಡಿಗೆ ಕದಡಿದ ಹಾಗೆ. ಕೊಳಕುಮಂಡಲಕ್ಕೆ ಮೈ ದಪ್ಪ, ಬಾಲ ಗಿಡ್ಡ, ಬೆನ್ನ ಮೇಲೆ ಸರಪಳಿ ಥರ ಮೂರು ಸಾಲು ದುಂಡು ಮಚ್ಚೆ, ಕೆಣಕಿದರೆ ಕುಕ್ಕರ್ ಹಾಗೆ ಬುಸುಗುಡುತ್ತದೆ. ಅದು ನಿಮ್ಮ ಗದ್ದೆ ಬಯಲಲ್ಲೂ ಇರುವ ಹಾವೇ, ಹಾಗಾಗಿ ನಿಮ್ಮ ಯಜಮಾನರು ಹೆದರಿದ್ದನ್ನು ತಪ್ಪು ಅನ್ನಲಾರೆ.

ಇನ್ನು ಹೆಡೆ ವಿಷಯ. ನೀರು ಹಾವು ಹೆದರಿದಾಗ ಮುಂಭಾಗ ಎತ್ತಿ ಕತ್ತನ್ನು ಚಪ್ಪಟೆ ಮಾಡುತ್ತದೆ, ನೋಡಿದವರು ನಾಗರ ಅಂದುಕೊಳ್ಳಲಿ ಅನ್ನುವ ಹಾಗೆ. ನಾಗರದ್ದು ಮೊರದಂತೆ ಅಗಲ ಬಿಚ್ಚಿಕೊಳ್ಳುವ ಹೆಡೆ, ಇದರದ್ದು ಬರೀ ಕತ್ತು ಅಮುಕಿದ ಹಾಗೆ. ಹೆಡೆಯ ಹಿಂದೆ ಕನ್ನಡಕದ ಗುರುತು ಇದೆಯಾ ಅಂತ ಹುಡುಕೋದನ್ನು ಮಾತ್ರ ನಂಬಬೇಡಿ, ಕೆಲವು ನಾಗರಕ್ಕೆ ಅದು ಇರುವುದೇ ಇಲ್ಲ. ಹಾಲು ಬೇಡ. ಯಾವ ಹಾವಿಗೂ ಅದು ಆಹಾರವಲ್ಲ.

ಹೆಸರಲ್ಲಿ 'ಒಳ್ಳೆ' ಇದ್ದರೂ ಸ್ವಭಾವ ಅಷ್ಟೇನೂ ಒಳ್ಳೆಯದಲ್ಲ, ಹಿಡಿಯೋಕೆ ಹೋದರೆ ಥಟ್ಟನೆ ಕಚ್ಚುತ್ತದೆ, ರಕ್ತವೂ ಬರುತ್ತದೆ. ಇದೇ ಹಾವು ಅಂತ ಖಚಿತ ಇದ್ದರೆ ಸೋಪು ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ ಸಾಕು. ಸ್ವಲ್ಪ ಅನುಮಾನ ಇದ್ದರೂ ಕಟ್ಟು ಹಾಕುವುದು, ಕೊಯ್ಯುವುದು ಏನೂ ಮಾಡದೆ ನೇರ ಆಸ್ಪತ್ರೆಗೆ ಹೋಗಿ. ಆಂಟಿವೆನಮ್ ಇರುವುದು ಅಲ್ಲೇ.

ನಿಮ್ಮ ಹಿತ್ತಲಿಗೆ ಅದು ಬಂದಿದ್ದು ಕಪ್ಪೆಗಾಗಿ. ಫೋಟೊದ ಮೂಲೆಯಲ್ಲಿ ಬಚ್ಚಲ ನೀರು ನಿಂತ ಗುಂಡಿ ಕಾಣುತ್ತದೆ, ಪಕ್ಕದಲ್ಲಿ ತೆಂಗಿನ ಸೋಗೆ ರಾಶಿ ಬೇರೆ. ಅವೆರಡನ್ನೂ ತೆಗೆಸಿ. ಸೋಗೆ ಎಳೆಯುವಾಗ ಕೈ ಹಾಕಬೇಡಿ, ಉದ್ದ ಕೋಲಿನಲ್ಲೇ ಎಳೆಯಿರಿ.

ಅಂದಹಾಗೆ, ಎರಡನೇ ಫೋಟೊದಲ್ಲಿ ಹಾವಿನ ತಲೆಗೂ ಯಾರದೋ ಹವಾಯಿ ಚಪ್ಪಲಿಗೂ ನಡುವೆ ಒಂದೇ ಗೇಣು ಜಾಗ ಇದೆ. ಆ ಚಪ್ಪಲಿ ನಿಮ್ಮದೇ ಅಲ್ವಾ?