ಗುಜರಿಯಿಂದ ತಂದ ಹಳೇ ಪಿನ್‌ಬಾಲ್ ಮಷೀನನ್ನು ಬಳ್ಳಾರಿಯಲ್ಲೇ, ಮನೆಯಲ್ಲೇ ಸರಿ ಮಾಡಬಹುದೇ?

ನೀವು ಕೇಳಿರುವುದು ಇಷ್ಟು: ಗುಜರಿಯಲ್ಲಿ ಅಮೆರಿಕದ ಪಿನ್‌ಬಾಲ್ ಮಷೀನೊಂದು (ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಹೊಡೆದು ಆಡುವ ಯಂತ್ರ) ಸಿಕ್ಕಿದೆ, ಸ್ಕೋರು ತಿರುಗುವ ಅಂಕಿ ಚಕ್ರಗಳಲ್ಲಿ ಬರುತ್ತದೆ, ಪ್ಲಗ್ಗಿಗೆ ಎರಡೇ ಪಿನ್ನು, ವರ್ಷಗಟ್ಟಲೆ ಯಾರೂ ಆಡಿಲ್ಲ. ಮನೆಯಲ್ಲೇ ರಿಪೇರಿ ಆಗುತ್ತದೆಯೇ, ಬಳ್ಳಾರಿಯಲ್ಲಿ ಸಾಮಾನು ಸಿಗುತ್ತದೆಯೇ?

ಆಗುತ್ತದೆ. ಆದರೆ ಪ್ಲಗ್ ಮಾತ್ರ ಈಗಲೇ ಹಾಕಬೇಡಿ. ಅಲ್ಲಿನ ಮಷೀನು 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 230ಕ್ಕೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ, ಜೊತೆಗೆ ಇನ್ನೇನು ಹೋಗುತ್ತದೋ ಹೇಳಲಾಗದು. ಬೇರೆ ದೇಶಗಳಿಗೆಂದೇ ಮಾಡಿದ ಕೆಲವು ಮಷೀನುಗಳಲ್ಲಿ 220, 240ರ ಟ್ಯಾಪ್ (ಆ ವೋಲ್ಟೇಜಿಗೆ ವೈರು ಕೂಡಿಸುವ ತುದಿ) ಇರುತ್ತದೆ. ಹಾಗಾಗಿ ಮೊದಲು ಗಾಜು ತೆಗೆದು, ಪ್ಲೇಫೀಲ್ಡ್ (ಚೆಂಡು ಓಡುವ ಹಲಗೆ) ಎತ್ತಿ, ಕೆಳಗಿನ ಹಲಗೆಯ ಮೇಲಿರುವ ಟ್ರಾನ್ಸ್‌ಫಾರ್ಮರಿನ ಚೀಟಿ ಓದಿ.

ಅಂಕಿ ಚಕ್ರ ಇದೆ ಅಂದರೆ ಅದು ಎಲೆಕ್ಟ್ರೋ-ಮೆಕ್ಯಾನಿಕಲ್ ಮಷೀನು, ಹೆಚ್ಚುಕಡಿಮೆ 1978ಕ್ಕಿಂತ ಹಿಂದಿನದು. ಒಳಗೆ ಚಿಪ್ಪು ಇಲ್ಲ, ಪ್ರೋಗ್ರಾಂ ಇಲ್ಲ. ರಿಲೇ (ಕಾಯಿಲಿನ ಸೆಳೆತಕ್ಕೆ ತೆರೆದು ಮುಚ್ಚುವ ಸ್ವಿಚ್ಚು), ಕಾಯಿಲ್, ಒಂದು ಮೋಟರು, ನೂರಾರು ಪತ್ತಿ ಸ್ವಿಚ್ಚು, ಅಷ್ಟೇ. ನನ್ನ ಪ್ರಕಾರ ಇದು ನಿಮ್ಮ ಅದೃಷ್ಟ. ಇದಕ್ಕೆ ಎಲೆಕ್ಟ್ರಾನಿಕ್ಸ್ ಅಂಗಡಿಗಿಂತ ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವರು, ಬೇರಿಂಗ್ ಅಂಗಡಿಯವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆ ಅವರಿಗೇನು ಕೊರತೆಯಿಲ್ಲ. ಮಷೀನಿನ ಹೆಸರು ಹಿಂದಿನ ದೊಡ್ಡ ಗಾಜಿನ ಮೇಲೆಯೇ ಇರುತ್ತದೆ. ಇಂಟರ್‌ನೆಟ್ ಪಿನ್‌ಬಾಲ್ ಡೇಟಾಬೇಸ್‌ನಲ್ಲಿ ಆ ಹೆಸರು ಹುಡುಕಿ, ಸರ್ಕ್ಯೂಟ್ ನಕ್ಷೆ ಸಿಕ್ಕರೆ ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಮೊಬೈಲ್ ಪರದೆಯಲ್ಲಿ ಅದನ್ನು ಓದಲು ಹೋದರೆ ಕಣ್ಣು ಹೋಗುತ್ತದೆ, ಕೆಲಸವೂ ಆಗುವುದಿಲ್ಲ.

ಕರೆಂಟಿನ ವಿಷಯ ಮೊದಲು ಮುಗಿಸೋಣ. 230ರಿಂದ 110ಕ್ಕೆ ಇಳಿಸುವ 500 ವಿ.ಎ. ಟ್ರಾನ್ಸ್‌ಫಾರ್ಮರ್ ಬೇಕು. ಸ್ಟೆಬಿಲೈಜರ್ ಮಾಡುವವರು ಸುತ್ತಿ ಕೊಡುತ್ತಾರೆ. ಆಟೋ ಟ್ರಾನ್ಸ್‌ಫಾರ್ಮರ್ ಬೇಡ, ಎರಡು ಬೇರೆ ಬೇರೆ ವೈಂಡಿಂಗ್ ಇರುವುದೇ ಆಗಬೇಕು ಎಂದು ಒತ್ತಿ ಹೇಳಿ. ಔಟ್‌ಪುಟ್‌ನಲ್ಲಿ 100, 105, 110 ಹೀಗೆ ಮೂರು ಟ್ಯಾಪ್ ಇರಲಿ. ಕಾರಣ ಇದೆ: 60 ಹರ್ಟ್ಸ್‌ನ ಟ್ರಾನ್ಸ್‌ಫಾರ್ಮರನ್ನು 50 ಹರ್ಟ್ಸ್‌ನಲ್ಲಿ ಅದೇ ವೋಲ್ಟೇಜಿಗೆ ಓಡಿಸಿದರೆ ಒಳಗಿನ ಕಬ್ಬಿಣದ ಕೋರಿನ ಮೇಲೆ ಕಾಲಂಶದಷ್ಟಲ್ಲದಿದ್ದರೂ ಐದರಲ್ಲಿ ಒಂದು ಪಾಲು ಹೆಚ್ಚು ಹೊರೆ ಬೀಳುತ್ತದೆ, ಗುಂಯ್ ಎನ್ನುತ್ತಾ ಬಿಸಿಯಾಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಅದು ಇನ್ನೂ ಕೆಟ್ಟದ್ದು. ನಾನಾದರೆ 100ರಿಂದಲೇ ಶುರು ಮಾಡುತ್ತೇನೆ. ಮೋಟರು ಆರರಲ್ಲಿ ಒಂದು ಭಾಗದಷ್ಟು ನಿಧಾನ ತಿರುಗುತ್ತದೆ, ಅದರಿಂದ ಹಾನಿಯಿಲ್ಲ.

ಎರಡು ಪಿನ್ನಿನ ವೈರು ಕಿತ್ತು ಮೂರು ಕೋರಿನದು ಹಾಕಿ. ಹಸಿರು ವೈರನ್ನು ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ನಾಣ್ಯದ ಬಾಗಿಲು, ಪಕ್ಕದ ಪಟ್ಟಿಗಳು, ಕಾಲಿನ ಬೋಲ್ಟು ಇವೆಲ್ಲಕ್ಕೂ ಕೂಡಿಸಿ. ಆಡುವವರ ಕೈ ಇಡೀ ಹೊತ್ತು ಇವುಗಳ ಮೇಲೇ ಇರುತ್ತದೆ. ಇಳಿಸುವ ಟ್ರಾನ್ಸ್‌ಫಾರ್ಮರಿನಲ್ಲೂ ಅರ್ಥಿಂಗ್ ಮುಂದುವರಿದಿರಬೇಕು, ಗೋಡೆಯ ಸಾಕೆಟ್ಟಿನಲ್ಲಿ ನಿಜವಾಗಿ ಅರ್ಥಿಂಗ್ ಇದೆಯೇ ಎಂದೂ ನೋಡಿಸಿ.

ಆಮೇಲೆ ಫ್ಯೂಜು. ಹಳೇ ಮಷೀನಿನಲ್ಲಿ ಯಾರೋ ಒಬ್ಬರು ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯನ್ನೋ ತಂತಿಯನ್ನೋ ಸುತ್ತಿರುತ್ತಾರೆ. ಕಾಯಿಲ್ ಸುಡುವುದು ಹೆಚ್ಚಾಗಿ ಇದರಿಂದಲೇ. ಎಲ್ಲವನ್ನೂ ಕಿತ್ತು, ನಕ್ಷೆಯಲ್ಲಿ ಬರೆದ ಆಂಪಿಯರಿನದ್ದನ್ನೇ ತನ್ನಿ, ಆದರೆ ಇನ್ನೂ ಹಾಕಬೇಡಿ. 230ರ ಕಡೆ 100 ವ್ಯಾಟಿನ ಹಳೇ ತಂತಿ ಬಲ್ಬೊಂದನ್ನು ಸೀರೀಸ್‌ನಲ್ಲಿ ಕೊಡಿ. ದೀಪದ ಫ್ಯೂಜೂ ಕಾಯಿಲ್ ಫ್ಯೂಜೂ ಇಲ್ಲದೆ ಸ್ವಿಚ್ ಹಾಕಿದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗಬೇಕು. ಪೂರ್ತಿ ಬೆಳಗಿಯೇ ನಿಂತರೆ ಎಲ್ಲೋ ಶಾರ್ಟ್ ಇದೆ, ನಿಲ್ಲಿಸಿ. ಮಂಕಾದರೆ ಆಫ್ ಮಾಡಿ, ಒಂದೊಂದೇ ಫ್ಯೂಜು ಸೇರಿಸುತ್ತಾ ಮತ್ತೆ ನೋಡಿ. ದೀಪದ ಫ್ಯೂಜು ಹಾಕಿದಾಗ ಸ್ವಲ್ಪ ಬೆಳಕು ಬರುವುದು ಸಹಜ, ಅಷ್ಟೊಂದು ದೀಪಗಳು ಎಳೆಯುತ್ತವಲ್ಲ.

ಈಗ ಅಸಲು ಕೆಲಸ, ಪಾಯಿಂಟುಗಳು. ಹತ್ತರಲ್ಲಿ ಎಂಟು ದೋಷ ಇಲ್ಲೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಪ್ರತಿ ಸ್ವಿಚ್ಚೂ ಎರಡು ಮೂರು ತೆಳು ಪತ್ತಿಗಳ ಜೋಡಿ, ತುದಿಯಲ್ಲಿ ಬೆಳ್ಳಿಯ ಪಾಯಿಂಟು. ನಮ್ಮ ಕಡೆಯ ಕೆಂಪು ಅದಿರು ಧೂಳು ಕೂತಿದ್ದರೆ ಮೊದಲು ಮೆತ್ತನೆ ಬ್ರಷ್ ಮತ್ತು ವ್ಯಾಕ್ಯೂಮಿನಿಂದ ತೆಗೆಯಿರಿ. ಬ್ಲೋಯರ್ ಹಿಡಿದರೆ ಆ ಧೂಳೆಲ್ಲ ರಿಲೇಯೊಳಗೆ ಹೋಗಿ ಕೂರುತ್ತದೆ. ಸ್ವಿಚ್ಚು ತಿದ್ದುವ ಮೊದಲು ಪತ್ತಿಗಳನ್ನು ಬುಡದಲ್ಲಿ ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ. ಒಳಗಿನ ನಿರೋಧಕ ತುಂಡುಗಳು ವರ್ಷಗಳಲ್ಲಿ ಕುಗ್ಗಿ ಸ್ಕ್ರೂ ಸಡಿಲವಾಗಿರುತ್ತದೆ. ಸಡಿಲ ಇದ್ದಾಗಲೇ ಪತ್ತಿ ಬಗ್ಗಿಸಿದರೆ ನಾಳೆ ಮತ್ತೆ ತಪ್ಪುತ್ತದೆ. ಬಳಿಕ 600ರ ವಾಟರ್ ಪೇಪರಿನ ಸಣ್ಣ ಪಟ್ಟಿ ಮಡಚಿ ಪಾಯಿಂಟುಗಳ ನಡುವೆ ಇಟ್ಟು, ಬೆರಳಲ್ಲಿ ಹಗುರಾಗಿ ಒತ್ತಿ ಎರಡು ಮೂರು ಸಲ ಎಳೆಯಿರಿ. ಕಪ್ಪು ಹೋಗಿ ಬಿಳಿ ಹೊಳಪು ಕಂಡರೆ ಸಾಕು. ಕೊನೆಗೆ ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ದಪ್ಪ ಕಾಗದ ಎಳೆದು ಪುಡಿ ತೆಗೆಯಿರಿ.

ತೆರೆದಾಗ ಒಂದೂವರೆ ಮಿಲಿಮೀಟರ್ ಅಂತರ ಇರಲಿ. ಮುಚ್ಚುವಾಗ ಪಾಯಿಂಟು ಬರೀ ತಾಗಿದರೆ ಸಾಲದು. ತಾಗಿದ ಮೇಲೆ ಎದುರಿನ ಪತ್ತಿಯನ್ನೂ ಕೂದಲೆಳೆಯಷ್ಟು ತಳ್ಳಿಕೊಂಡು ಹೋಗಬೇಕು. ಆ ತಳ್ಳುವಿಕೆಯಲ್ಲಿ ಪಾಯಿಂಟುಗಳು ಒಂದನ್ನೊಂದು ಉಜ್ಜಿಕೊಂಡು ತಾವೇ ಶುಚಿಯಾಗಿರುತ್ತವೆ. ಬಗ್ಗಿಸುವುದು ಬುಡದ ಹತ್ತಿರ, ನಡುವೆ ಅಲ್ಲ. ನಡುವೆ ಮುರಿ ಬಿದ್ದ ಪತ್ತಿ ಮತ್ತೆ ನೆಟ್ಟಗಾಗುವುದಿಲ್ಲ. ಹಾಗೆಂದು ಕಂಡ ಕಂಡ ಸ್ವಿಚ್ಚಿಗೆಲ್ಲ ಕೈ ಹಾಕಬೇಡಿ. ಸರಿಯಾಗಿರುವುದನ್ನು ತಿದ್ದಲು ಹೋಗಿ ಹೊಸ ದೋಷ ಹುಟ್ಟಿಸಿಕೊಳ್ಳುವುದು ಈ ಕೆಲಸದ ದೊಡ್ಡ ಕಾಯಿಲೆ.

ಸ್ಟಾರ್ಟ್ ಒತ್ತಿದಾಗ ಮೋಟರು ನಿಲ್ಲದೆ ತಿರುಗುತ್ತಲೇ ಇದ್ದರೆ ಗಾಬರಿ ಬೇಡ. ಎಲ್ಲ ಅಂಕಿ ಚಕ್ರಗಳೂ ಸೊನ್ನೆಗೆ ಬರುವವರೆಗೆ ಮಷೀನು ಆಟ ಶುರು ಮಾಡುವುದಿಲ್ಲ. ಯಾವುದೋ ಒಂದು ಚಕ್ರ ಸಿಕ್ಕಿಕೊಂಡಿದೆ, ಇಲ್ಲವೇ ಅದರ ಸೊನ್ನೆ ಸ್ವಿಚ್ಚು ಕೊಳೆಯಾಗಿದೆ. ಕರೆಂಟು ತೆಗೆದು, ಚಕ್ರಗಳನ್ನು ಕೈಯಲ್ಲಿ ಒಂದೊಂದಾಗಿ ಮುಂದೂಡಿ ನೋಡಿ; ಭಾರವಾಗಿ ತಿರುಗುವುದೇ ಕಳ್ಳ. ಸ್ಟೆಪ್ಪರ್ ಯೂನಿಟ್ಟುಗಳ (ಎಣಿಕೆ ಇಡಲು ಒಂದೊಂದೇ ಹೆಜ್ಜೆ ತಿರುಗುವ ಭಾಗಗಳು) ಕಥೆಯೂ ಇದೇ. ಅಲ್ಲಿ ಹಾಕಿದ್ದ ಗ್ರೀಸು ಒಣಗಿ ಅಂಟಾಗಿರುತ್ತದೆ. ಬಿಚ್ಚಿ, ಸ್ಪಿರಿಟ್‌ನಲ್ಲಿ ತೊಳೆದು, ಲೋಹದ ಮೇಲೆ ಲೋಹ ತಿರುಗುವ ಕಡೆ ಮಾತ್ರ ಕಂಡೂ ಕಾಣದಷ್ಟು ತೆಳ್ಳಗೆ ಗ್ರೀಸ್ ಸವರಿ. ಬಿಚ್ಚುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ, ಸ್ಪ್ರಿಂಗಿಗೆ ಎಷ್ಟು ಸುತ್ತು ಬಿಗಿ ಇತ್ತೆಂದು ಬರೆದಿಡಿ.

ಫ್ಲಿಪ್ಪರಿನ (ಗುಂಡಿ ಒತ್ತಿದಾಗ ಚೆಂಡನ್ನು ಹೊಡೆಯುವ ಸಣ್ಣ ತೋಳು) ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಕಾಯಿಲಿನಲ್ಲಿ ಎರಡು ವೈಂಡಿಂಗ್: ದಪ್ಪ ತಂತಿಯದು ಕೆಲವೇ ಓಮ್, ಚೆಂಡನ್ನು ಹೊಡೆಯಲಿಕ್ಕೆ, ಸಣ್ಣ ತಂತಿಯದು ಹತ್ತಾರು ಓಮ್, ಎತ್ತಿ ಹಿಡಿಯಲಿಕ್ಕೆ. ಫ್ಲಿಪ್ಪರ್ ಕೆಳಗಿರುವಾಗ ತುದಿಯ ಸ್ವಿಚ್ಚು ಮುಚ್ಚಿಕೊಂಡು ಸಣ್ಣ ವೈಂಡಿಂಗನ್ನು ಬೈಪಾಸ್ ಮಾಡುತ್ತದೆ. ಪೂರ್ತಿ ಮೇಲೆದ್ದಾಗ ಅದು ತೆರೆದು, ಕರೆಂಟು ಎರಡೂ ವೈಂಡಿಂಗ್ ಮೂಲಕ ಹರಿಯಬೇಕು. ತೆರೆಯದಿದ್ದರೆ ಗುಂಡಿ ಒತ್ತಿ ಹಿಡಿದ ಸ್ವಲ್ಪ ಹೊತ್ತಿನಲ್ಲೇ ಕಾಯಿಲ್ ಸುಟ್ಟ ವಾಸನೆ ಬರುತ್ತದೆ. ಪಾಯಿಂಟು ಕೊಳೆಯಾಗಿ ಸರಿಯಾಗಿ ಮುಚ್ಚದಿದ್ದರೆ ಫ್ಲಿಪ್ಪರಿಗೆ ದಮ್ಮೇ ಇರುವುದಿಲ್ಲ. ಈ ಪಾಯಿಂಟು ಟಂಗ್‌ಸ್ಟನ್, ಇದಕ್ಕೆ ವಾಟರ್ ಪೇಪರ್ ಸಾಲದು, ಹಳೇ ಬೈಕಿನ ಸಿ.ಬಿ. ಪಾಯಿಂಟ್ ಉಜ್ಜುವ ಸಣ್ಣ ಅರ ಬೇಕು. ದಮ್ಮಿಲ್ಲ ಎಂದು ಕೆಲವರು ಟ್ರಾನ್ಸ್‌ಫಾರ್ಮರಿನ ಹೈ ಟ್ಯಾಪಿಗೆ ವೈರು ಬದಲಿಸುತ್ತಾರೆ. ಆ ಟ್ಯಾಪು ಇರುವುದು ವೋಲ್ಟೇಜ್ ಕಡಿಮೆ ಇರುವ ಜಾಗಕ್ಕೆ, ಕೊಳೆ ಪಾಯಿಂಟಿಗಲ್ಲ. ಎಲ್ಲ ಶುಚಿ ಮಾಡಿ, 100 ವೋಲ್ಟಿನಲ್ಲಿ ಓಡಿಸಿ, ಆಗಲೂ ಬಲ ಸಾಲದಿದ್ದರೆ ಅದನ್ನು ಬಳಸಿ.

ಸುಟ್ಟ ಕಾಯಿಲನ್ನು ಮತ್ತೆ ಸುತ್ತಿಸಬಹುದು. ಬ್ಯಾಲಿ, ವಿಲಿಯಮ್ಸ್ ಕಂಪನಿಗಳ ಕಾಯಿಲುಗಳ ನಂಬರಿನಲ್ಲೇ ಲೆಕ್ಕ ಇರುತ್ತದೆ: ಕೊನೆಯಲ್ಲಿ 26-1200 ಎಂದಿದ್ದರೆ 26 ಗೇಜಿನ ತಂತಿ, 1200 ಸುತ್ತು. ಗಾಟ್ಲೀಬ್ ಕಂಪನಿಯದಾದರೆ ಬರೀ ಪಾರ್ಟ್ ನಂಬರು, ಬಿಚ್ಚುತ್ತಾ ಸುತ್ತು ಎಣಿಸಬೇಕು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಆ 26 ಅಮೆರಿಕನ್ ಗೇಜು, 0.405 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಯಲ್ಲಿ 26 ಎಂದರೆ ಎಸ್.ಡಬ್ಲ್ಯು.ಜಿ. (ಬ್ರಿಟಿಷ್ ಗೇಜು), 0.457 ಮಿ.ಮೀ. ಅದನ್ನು ಸುತ್ತಿದರೆ ಬಾಬಿನ್ನಿನಲ್ಲಿ ಹಿಡಿಸುವುದು ಕಷ್ಟ, ಹಿಡಿಸಿದರೂ ರೆಸಿಸ್ಟೆನ್ಸ್ ಐದರಲ್ಲೊಂದು ಪಾಲು ಇಳಿದು ಕರೆಂಟು ಹೆಚ್ಚು ಎಳೆಯುತ್ತದೆ. ಎಸ್.ಡಬ್ಲ್ಯು.ಜಿ. 27 ಕೇಳಿ, ಅದು 0.417, ಹತ್ತಿರ ಬರುತ್ತದೆ. ಗೇಜಿನ ಮಾತು ಬಿಟ್ಟು ಮಿಲಿಮೀಟರಿನಲ್ಲೇ ಹೇಳುವುದು ಇನ್ನೂ ಒಳ್ಳೆಯದು. ಕಾಯಿಲಿನೊಳಗಿನ ನೈಲಾನ್ ಕೊಳವೆ (ಸ್ಲೀವ್) ಸವೆದಿದ್ದರೆ ಹೊಸದು ಹಾಕಿ, ಒಳಗೆ ಎಣ್ಣೆ ಮಾತ್ರ ಬಿಡಬೇಡಿ. ಎಣ್ಣೆಗೆ ಧೂಳು ಸೇರಿ ಮಣ್ಣಾಗಿ ಪ್ಲಂಜರ್ (ಕಾಯಿಲಿನೊಳಗೆ ಜಾರುವ ಕಬ್ಬಿಣದ ಕಡ್ಡಿ) ಹಿಡಿದುಕೊಳ್ಳುತ್ತದೆ.

ಉಳಿದ ಸಾಮಾನು: ಚೆಂಡು 1-1/16 ಇಂಚು, ಅಂದರೆ 27 ಮಿ.ಮೀ., ತೂಕ ಸುಮಾರು 80 ಗ್ರಾಂ. ಬೇರಿಂಗ್ ಅಂಗಡಿಯಲ್ಲಿ ಇಂಚಿನ ಅಳತೆ ಹೇಳಿ ತರಿಸಿಕೊಳ್ಳಿ. ತುಕ್ಕಿನ ಹಳೇ ಚೆಂಡು ಪ್ಲೇಫೀಲ್ಡ್ ಬಣ್ಣವನ್ನೇ ಕೆರೆದು ತಿನ್ನುತ್ತದೆ, ಗುಜರಿಗೇ ವಾಪಸ್ ಕೊಡಿ. ದೀಪಕ್ಕೆ 44ರ ಬದಲು 47ನೇ ನಂಬರು ಹಾಕಿ, ಎರಡೂ 6.3 ವೋಲ್ಟೇ, ಆದರೆ 47 ಎಳೆಯುವುದು 0.15 ಆಂಪಿಯರ್, ಬಿಸಿ ಕಡಿಮೆ. ಕಾರ್ಖಾನೆ ಪ್ಯಾನಲ್ಲಿಗೆ ಹಾಕುವ ಬಿ.ಎ.9ಎಸ್ ಹೋಲ್ಡರಿನ 6 ವೋಲ್ಟ್ ಬಲ್ಬೂ ಕೂರುತ್ತದೆ. ರಬ್ಬರ್ ರಿಂಗುಗಳನ್ನು ಹೊರದೇಶದಿಂದ ಸೆಟ್ಟಾಗಿಯೇ ತರಿಸಬೇಕು. ಹೊಸಪೇಟೆಯಲ್ಲಿ ಜೆಸಿಬಿ ಸ್ಪೇರ್ ಅಂಗಡಿಯ ಓ-ರಿಂಗು ಅಳತೆಗೆ ಸಿಕ್ಕೀತು, ಆದರೆ ಅದು ಗಟ್ಟಿ, ಚೆಂಡು ಪುಟಿಯುವುದಿಲ್ಲ. ಬರೀ ಕಂಬಗಳಿಗೆ ತಾತ್ಕಾಲಿಕವಾಗಿ ಸಾಕು.

ಪ್ಲೇಫೀಲ್ಡಿಗೆ ನೀರು ತಾಗಿಸಬೇಡಿ. ವಾರ್ನಿಷ್ ಬಿರುಕಿನಲ್ಲಿ ನೀರಿಳಿದರೆ ಮರ ಉಬ್ಬಿ ಬಣ್ಣ ಏಳುತ್ತದೆ. ಕಿಟಕಿ ತೆಗೆದಿಟ್ಟು, ನ್ಯಾಫ್ತಾದಲ್ಲಿ (ಪೆಟ್ರೋಲಿನಂಥ ದ್ರಾವಕ) ಅದ್ದಿದ ಹತ್ತಿ ಬಟ್ಟೆಯಿಂದ ಒರೆಸಿ, ಮೇಲೆ ಕಾರ್ನೌಬಾ ಮೇಣ ತೆಳ್ಳಗೆ. ಹಿಂದಿನ ಚಿತ್ರದ ಗಾಜಿನ ಒಳಮೈಯನ್ನು ಮುಟ್ಟಲೇಬೇಡಿ, ಒರೆಸಿದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಬಟ್ಟೆಗೆ ಬರುತ್ತದೆ. ಡಬ್ಬದ ತಳದ ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮೆತ್ತಗಿದ್ದರೆ ಗೆದ್ದಲು, ಮನೆಯೊಳಗೆ ತರುವ ಮುಂಚೆಯೇ ಔಷಧಿ ಹೊಡೆಸಿ.

ಕೊನೆಗೆ ಮಷೀನು ನಿಲ್ಲಿಸುವಾಗ ಹಿಂದಿನ ಕಾಲುಗಳ ಅಡಿಯ ಬೋಲ್ಟು ತಿರುಗಿಸಿ ಇಳಿಜಾರು ಸುಮಾರು 3.5 ಡಿಗ್ರಿ ಇಡಿ, ಮೊಬೈಲಿನ ಲೆವೆಲ್ ಆ್ಯಪ್ ಸಾಕು. ಈಗಿನ ಮಷೀನುಗಳ 6.5 ಡಿಗ್ರಿಯನ್ನು ಇದಕ್ಕೆ ಇಟ್ಟರೆ ಹಳೇ ಫ್ಲಿಪ್ಪರಿನ ಬಲಕ್ಕೆ ಚೆಂಡು ಮೇಲಿನವರೆಗೆ ಹೋಗುವುದಿಲ್ಲ, ಆಗ ಮತ್ತೆ ಕಾಯಿಲಿನ ಮೇಲೆ ಅನುಮಾನ ಬರುತ್ತದೆ.