ಹೂವಿಲ್ಲದ ಕಾಲದಲ್ಲಿ ಹೂಬಿಡುವ ಸಸ್ಯವನ್ನು ಗುರುತಿಸುವುದು ಹೇಗೆ?

ನಿಮ್ಮ ಅಂಗಳದ ಸೈಕಾಸ್ ತಾಳೆಯ ಜಾತಿಯೋ ಜರೀಗಿಡವೋ (ಫರ್ನ್) ಎಂದು ಕೇಳಿದ್ದೀರಿ. ಎರಡೂ ಅಲ್ಲ. ನರ್ಸರಿಯವರು ‘ಸಾಗೋ ಪಾಮ್’ ಎಂದು ಮಾರಿದರೂ ಅದು ಪೈನ್ ಮರದಂತೆ ಅನಾವೃತಬೀಜ ಸಸ್ಯ, ಎಂದರೆ ಹೂವಿಲ್ಲದೆ, ಬೀಜವನ್ನು ಕಾಯಿಯೊಳಗೆ ಮುಚ್ಚದೆ ಬಿಡುವ ಗಿಡ.

ಗರಿಯಿಂದ ಒಂದು ಕಿರುಎಲೆ ಕಿತ್ತು ಬೆಳಕಿಗೆ ಹಿಡಿಯಿರಿ. ನಡುವೆ ಒಂದೇ ನರ, ಪಕ್ಕಕ್ಕೆ ಕವಲೇ ಇಲ್ಲ. ತೆಂಗಿನ ಗರಿಯಲ್ಲಾದರೆ ಉದ್ದಕ್ಕೂ ಸಾಲುಸಾಲು ಗೆರೆಗಳು ಕಾಣುತ್ತವೆ. ಎಳೆಯ ಸೈಕಾಸ್ ಎಲೆ ಸುರುಳಿ ಸುತ್ತಿಕೊಂಡೇ ಹೊರಬರುವುದರಿಂದ ಜರೀಗಿಡವೆಂದು ಮೋಸಹೋಗುವುದು ಸಹಜ. ಆದರೆ ಜರೀಗಿಡಕ್ಕೆ ಬೀಜವೇ ಇಲ್ಲ. ಅದರ ಎಲೆಯ ಕೆಳಮೈಯಲ್ಲಿ ಕಂದು ಚುಕ್ಕೆಗಳಿರುತ್ತವೆ, ಅವು ಬೀಜದ ಬದಲು ಸಂತಾನ ಹರಡುವ ಧೂಳಿನಂಥ ಬೀಜಾಣುಗಳ ಗೊಂಚಲು. ನಮ್ಮ ನೆರೆಮನೆಯವರು ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯಲು ಹೊರಟಿದ್ದರು!

ಹೂ ಇದೆಯೇ ಎಂದು ಹುಡುಕುವುದಕ್ಕಿಂತ ಬೀಜ ಎಲ್ಲಿ ಕೂತಿದೆ ಎಂದು ನೋಡುವುದು ಮೇಲು. ಹೆಣ್ಣು ಸೈಕಾಸ್‌ನ ನೆತ್ತಿಯಲ್ಲಿ ಕಂದು ತುಪ್ಪಳದ ಎಲೆಯಂಥ ಅಂಗಗಳಿರುತ್ತವೆ; ಅವುಗಳ ಅಂಚಿಗೆ ಬೀಜಗಳು ಮೊಟ್ಟೆಯಂತೆ ಬಯಲಲ್ಲೇ ಅಂಟಿರುತ್ತವೆ. ಅವರೆ, ಬೆಂಡೆ, ಮಾವು, ಯಾವುದೇ ಇರಲಿ, ಹೂಬಿಡುವ ಸಸ್ಯದ ಬೀಜ ಕಾಯಿಯ ಒಳಗೇ ಬಲಿಯುತ್ತದೆ. ಅತ್ತಿಮರದ ಹೂ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ನೂರಾರು ಹೂಗಳು ನಾವು ಹಣ್ಣೆನ್ನುವ ಆ ಗುಂಡಿನೊಳಗೇ ಇವೆ.

ನಾನು ಎಡವಿದ್ದು ಗಾಳಿಮರದಲ್ಲಿ. ಕಾಲೇಜಿನ ಪ್ರಾಯೋಗಿಕ ಪುಸ್ತಕದಲ್ಲಿ ಅದನ್ನು ಪೈನ್ ಜಾತಿ ಎಂದು ಬರೆದು ಕೆಂಪು ಶಾಯಿ ತಿಂದಿದ್ದೆ. ಸೂಜಿಯಂಥ ಎಲೆ, ಮರದಂತೆ ಗಟ್ಟಿಯಾದ ಪುಟ್ಟ ಕಾಯಿ, ಇನ್ನೇನು ಬೇಕು? ಆದರೆ ಆ ‘ಸೂಜಿ’ಯನ್ನು ಮೆಲ್ಲನೆ ಎಳೆದರೆ ಗಿಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಗಿಣ್ಣಿನ ಸುತ್ತ ಹಲ್ಲಿನ ಸಾಲಿನಂತೆ ಕಾಣುವ ಸಣ್ಣ ಚೂಪುಗಳೇ ನಿಜವಾದ ಎಲೆಗಳು. ಹಸಿರು ಎಳೆ ಬರೀ ಕಡ್ಡಿ. ಕಾಯಿಯನ್ನು ಒಣಗಿಸಿಟ್ಟರೆ ಹಕ್ಕಿಮರಿಯ ಕೊಕ್ಕಿನಂತೆ ಬಾಯಿ ತೆರೆದು, ಒಂದೊಂದರಿಂದಲೂ ರೆಕ್ಕೆಯಿರುವ ಕಾಳೊಂದು ಉದುರುತ್ತದೆ. ಆ ಕಾಳೇ ಹಣ್ಣು, ಬೀಜ ಅದರೊಳಗಿದೆ. ಆದ್ದರಿಂದ ಗಾಳಿಮರ ಹೂಬಿಡುವ ಸಸ್ಯ. ಪೈನ್ ಶಂಕುವಿನಲ್ಲಾದರೆ ಪ್ರತಿ ಗಟ್ಟಿ ಎಸಳಿನ ಮೇಲೆ ಎರಡು ಬೀಜಗಳು ಯಾವ ಹೊದಿಕೆಯೂ ಇಲ್ಲದೆ ಕೂತಿರುತ್ತವೆ.

ಹೂಗುಚ್ಛಕ್ಕೆ ಸೇರಿಸುವ ‘ಆಸ್ಪರಾಗಸ್ ಫರ್ನ್’ ಕೂಡ ಜರೀಗಿಡವಲ್ಲ, ಶತಾವರಿಯ ದಾಯಾದಿ.

ನಿಮ್ಮ ಸೈಕಾಸ್‌ನ ನೆತ್ತಿಯ ಚಿತ್ರ ಹಾಕಿ. ನೆಟ್ಟಗೆ ಉದ್ದನೆಯ ಶಂಕು ಎದ್ದಿದ್ದರೆ ಅದು ಗಂಡು. ಹೆಣ್ಣಾಗಿದ್ದು ಬೀಜ ಕಟ್ಟಿದ್ದರೆ ಮಕ್ಕಳೂ ನಾಯಿಯೂ ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಅದು ವಿಷ.